ಅರ್ಥಿಂಗ್: ರ‍್ಯಾಕ್‌ನ ಸ್ವಿಚ್ಚಿನಿಂದ ಮುರಕಲ್ಲಿನ ನೆಲದವರೆಗೆ

ಶಾಲೆ, ಸೊಸೈಟಿ, ಆಸ್ಪತ್ರೆ, ಲಾಡ್ಜು, ಎಲ್ಲಿ ಹೋದರೂ ಈಗ ಒಂದು ಮೂಲೆಯಲ್ಲಿ ಕಬ್ಬಿಣದ ರ‍್ಯಾಕ್ ಇರುತ್ತದೆ, ಅದರಲ್ಲಿ ನೆಟ್‌ವರ್ಕ್ ಸ್ವಿಚ್ ಇರುತ್ತದೆ, ಅಂದರೆ ಕಂಪ್ಯೂಟರು, ಕ್ಯಾಮೆರಾಗಳ ಕೇಬಲ್ಲುಗಳನ್ನೆಲ್ಲ ಒಂದುಗೂಡಿಸುವ ಪೆಟ್ಟಿಗೆ. 19 ಇಂಚು ಅಗಲದ ರ‍್ಯಾಕ್, ಸಾಮಾನ್ಯವಾಗಿ 1ಯು ಎತ್ತರದ ಸ್ವಿಚ್. 1ಯು ಅಂದರೆ 44.45 ಮಿಲಿಮೀಟರ್. ಇಷ್ಟನ್ನು ಫಿಟ್ ಮಾಡುವವರೆಲ್ಲ ಬಲ್ಲರು. ದೊಡ್ಡ ಸ್ವಿಚ್ಚುಗಳ ಹಿಂಭಾಗದಲ್ಲಿ ಇನ್ನೂ ಒಂದು ಸಣ್ಣ ಸ್ಕ್ರೂ ಇರುತ್ತದೆ, ಪಕ್ಕದಲ್ಲಿ ಒಂದರ ಕೆಳಗೊಂದು ಕಿರಿದಾಗುವ ಮೂರು ಗೆರೆಗಳ ಗುರುತು. ಅದನ್ನು ಮಾತ್ರ ಬಹಳ ಮಂದಿ ಮುಟ್ಟುವುದೇ ಇಲ್ಲ. ಅರ್ಥ್ ವಯರು ಕಟ್ಟಬೇಕಾದ ಜಾಗ ಅದು.

ಉಪಕರಣದ ಲೋಹದ ಮೈಯನ್ನು ತಂತಿಯಿಂದ ಕಟ್ಟಡದ ಅರ್ಥ್ ಪಟ್ಟಿಗೆ, ಅಲ್ಲಿಂದ ನೆಲದಲ್ಲಿ ಹೂತ ಪೈಪು ಅಥವಾ ಪ್ಲೇಟಿಗೆ ಎಲ್ಲೂ ಕಡಿಯದ ಹಾಗೆ ಜೋಡಿಸುವುದೇ ಅರ್ಥಿಂಗ್. ಅಂಗಳದಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಸ್ಕ್ರೂವಿನಿಂದ ಗುಂಡಿಯವರೆಗಿನ ಇಡೀ ದಾರಿ ಸರಿ ಇರಬೇಕು.

ದಾರಿ ಕಡಿದಿದೆ ಎಂದು ರ‍್ಯಾಕ್ ತಾನೇ ಹೇಳುತ್ತದೆ. ಬಾಗಿಲಿಗೆ ಕೈ ತಾಗಿದರೆ ಜುಂ ಅನ್ನುತ್ತದೆ, ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ಸ್ವಿಚ್ಚಿನ ಪವರ್ ಸಪ್ಲೈ ಒಳಗೆ ಫೇಸ್‌ನಿಂದ ಲೋಹದ ಮೈಗೊಂದು, ನ್ಯೂಟ್ರಲ್‌ನಿಂದ ಮೈಗೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಕರೆಂಟಿನ ಗದ್ದಲ ಸೋಸುವುದು ಅದರ ಕೆಲಸ. ಅರ್ಥ್ ಇಲ್ಲದಿದ್ದರೆ ಈ ಎರಡರ ನಡುವೆ ಸಿಕ್ಕಿದ ಮೈ 230 ವೋಲ್ಟಿನ ಸುಮಾರು ಅರ್ಧದಲ್ಲಿ, ಅಂದರೆ 115ರ ಹತ್ತಿರ ನಿಲ್ಲುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ. ಆದರೆ ಒಂದೇ ರ‍್ಯಾಕ್‌ನಲ್ಲಿ ಸ್ವಿಚ್ಚು, ಸರ್ವರು, ಕ್ಯಾಮೆರಾ ರೆಕಾರ್ಡರು ಎಲ್ಲ ಸೇರಿದರೆ ಅದೂ ಸೇರುತ್ತಾ ಹೋಗುತ್ತದೆ. ಮೇಲಾಗಿ ನಿಜವಾದ ಫೇಸ್ ಮೈಗೆ ತಾಗಿದ ದಿನ ಕಾಪಾಡಲು ಏನೂ ಇರುವುದಿಲ್ಲ. "ಸ್ವಲ್ಪ ಜುಂ ಅನ್ನುತ್ತದೆ, ಪರವಾಗಿಲ್ಲ" ಎಂದು ಬಿಡಬೇಡಿ, ದಯವಿಟ್ಟು.

ಈ ಕಾಯಿಲೆಗೆ ಕೆಲವರು ಮಾಡುವ ಮದ್ದು ಇನ್ನೂ ಅಪಾಯ: ಪ್ಲಗ್ ಪಾಯಿಂಟಿನಲ್ಲೇ ನ್ಯೂಟ್ರಲನ್ನು ಅರ್ಥ್‌ಗೆ ಸುತ್ತಿಬಿಡುವುದು. ಜುಂ ನಿಲ್ಲುತ್ತದೆ, ನಿಜ. ಆದರೆ ಎಲ್ಲೋ ನ್ಯೂಟ್ರಲ್ ಕಡಿದರೆ ಇಡೀ ರ‍್ಯಾಕ್ ಫೇಸ್ ಆಗುತ್ತದೆ.

ಇನ್ನು ನಮ್ಮ ಕರಾವಳಿಯ ನೆಲ. ಮಣಿಪಾಲದ ಗುಡ್ಡದಂಥ ಮುರಕಲ್ಲಿನ (ಜಂಬಿಟ್ಟಿಗೆಯ) ಜಾಗ ಬೇಸಗೆಯಲ್ಲಿ ಒಣಗಿ ಬೆಂಡಾಗುತ್ತದೆ. ಒಣ ಮುರಕಲ್ಲಿನಲ್ಲಿ ಕರೆಂಟು ಸುಲಭವಾಗಿ ಹರಿಯುವುದಿಲ್ಲ. ಜುಲೈಯಲ್ಲಿ ನೆಲವೆಲ್ಲ ನೆನೆದಿರುವಾಗ ಅಳೆದು "ಅರ್ಥ್ ಚೆನ್ನಾಗಿದೆ" ಎಂದು ಬರೆದುಕೊಂಡು ಹೋದರೆ ಪ್ರಯೋಜನ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಅಳೆಯಬೇಕು. ನೆಲ ಪೂರ್ತಿ ಒಣಗಿರುವುದೂ ಆಗಲೇ, ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲು ಬರುವುದೂ ಆಗಲೇ. ಲೆಕ್ಕ ನೋಡಿ: ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ದು ಫೇಸ್ ಮೈಗೆ ತಾಗಿದರೆ, ನೆಲದ ದಾರಿಯಲ್ಲಿ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಬೀಳುವುದೇ ಇಲ್ಲ. ಮೈಯಲ್ಲಿ ಕರೆಂಟು ಹಾಗೇ ಉಳಿಯುತ್ತದೆ. ಅದಕ್ಕೇ ಎಂಸಿಬಿ ಜೊತೆ ಆರ್‌ಸಿಸಿಬಿಯೂ ಬೇಕು ಅನ್ನುವುದು. ಕರೆಂಟು ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸಾಧನ ಅದು. 30 ಮಿಲಿಆಂಪಿಯರಿನದ್ದಾದರೆ ಅಷ್ಟು ಕರೆಂಟು ಸೋರಿದರೂ ಬೀಳುತ್ತದೆ.

ಮಲ್ಪೆ, ಉಳ್ಳಾಲದ ಕಡಲ ಬದಿಯಲ್ಲಿ ನೆಲದ ಸಮಸ್ಯೆ ಅಷ್ಟಿಲ್ಲ, ತೇವ ಇದ್ದೇ ಇರುತ್ತದೆ. ಅಲ್ಲಿ ಹಾಳಾಗುವುದು ಜಾಯಿಂಟು. ಉಪ್ಪು ಗಾಳಿಗೆ ವಯರಿನ ತುದಿಗೆ ಹಾಕುವ ತಾಮ್ರದ ಲಗ್ ಹಸಿರು ಹಿಡಿಯುತ್ತದೆ, ಜಿಐ (ಸತು ಲೇಪಿಸಿದ ಕಬ್ಬಿಣದ) ಬೋಲ್ಟು ತುಕ್ಕು ತಿಂದು ಉಬ್ಬುತ್ತದೆ. ಹೊರಗಿನಿಂದ ನೋಡಿದರೆ ವಯರು ಕಟ್ಟಿದ ಹಾಗೇ ಇರುತ್ತದೆ, ಒಳಗೆ ಸಂಪರ್ಕವೇ ಇರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಬಿಗಿಯಬೇಕು.

ರ‍್ಯಾಕ್ ಒಳಗೂ ಒಂದು ಕಣ್ಣಿಗೆ ಕಾಣದ ತಡೆ ಇದೆ: ಪೇಂಟು. ಬಣ್ಣ ಬಳಿದ ಕಂಬಕ್ಕೆ ಸ್ವಿಚ್ಚನ್ನು ಎಷ್ಟು ಬಿಗಿದರೂ ಅರ್ಥ್ ಸಿಗುತ್ತದೆ ಎಂದು ನಂಬಬಾರದು. ಲಗ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು, ಹಲ್ಲಿರುವ ವಾಷರ್ ಹಾಕಿ. ಬಾಗಿಲಿಗೂ ಬೇರೆ ವಯರು ಬೇಕು, ಕೀಲನ್ನು ನೆಚ್ಚಬೇಡಿ.

ಸರ್ವರ್ ರೂಮಿಗೆಂದೇ ಹೊಸ ಗುಂಡಿ ತೋಡಿಸುವವರು ಒಂದು ಮಾತು ಕೇಳಬೇಕು. ಅದನ್ನು ಕಟ್ಟಡದ ಹಳೆಯ ಅರ್ಥ್‌ಗೆ ಜೋಡಿಸಲೇಬೇಕು. ಬೇರೆ ಬೇರೆ ಬಿಟ್ಟರೆ, ಹತ್ತಿರ ಸಿಡಿಲು ಬಡಿದಾಗ ಎರಡು ಗುಂಡಿಗಳ ವೋಲ್ಟೇಜು ಎರಡು ಥರ ಏರುತ್ತದೆ. ಆ ವ್ಯತ್ಯಾಸ ದಾರಿ ಹುಡುಕುವುದು ಲ್ಯಾನ್ ಕೇಬಲ್ಲಿನಲ್ಲೇ. ಸ್ವಿಚ್ಚಿನ ಪೋರ್ಟ್, ಕಂಪ್ಯೂಟರು ಎರಡೂ ಸುಟ್ಟುಹೋಗಬಹುದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಫೈಬರ್ ಎಳೆಯಿರಿ ಅನ್ನುವುದಕ್ಕೂ ಇದೇ ಕಾರಣ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಒಳಗೆ ಲೋಹದ ತಂತಿ ಇಲ್ಲದ ಫೈಬರೇ ಕೇಳಿ.

ಕೂರಿಸುವಾಗ ಮೊದಲು ರ‍್ಯಾಕನ್ನು ನೆಲಕ್ಕೋ ಗೋಡೆಗೋ ಭದ್ರ ಮಾಡಿ, ಭಾರದ ಯುಪಿಎಸ್ ಕೆಳಗಿಡಿ, ಸ್ವಿಚ್ಚನ್ನು ಕೇಜ್ ನಟ್ (ಕಂಬದ ಚೌಕ ತೂತಿಗೆ ಕೂರುವ ನಟ್) ಹಾಕಿ ಬಿಗಿಯಿರಿ. ಆಮೇಲೆ ಅರ್ಥ್ ವಯರು. ಪವರ್ ಕೇಬಲ್ ಅದಾದ ಮೇಲೆಯೇ. ತ್ರೀ ಪಿನ್ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉದ್ದ ಇರುವುದೂ ಇದಕ್ಕೇ: ಎಲ್ಲಕ್ಕಿಂತ ಮೊದಲು ಅದು ತಾಗಬೇಕು, ಕೊನೆಗೆ ಬಿಡಬೇಕು. ಅದನ್ನು ಮುರಿದು ಟೂ ಪಿನ್ ಸಾಕೆಟ್ಟಿಗೆ ತುರುಕಬೇಡಿ.

ಬಿಚ್ಚುವಾಗ ಕ್ರಮ ಉಲ್ಟಾ. ಎರಡು ಪವರ್ ಸಪ್ಲೈ ಇರುವ ಸ್ವಿಚ್ಚಾದರೆ ಎರಡೂ ಕೇಬಲ್ ತೆಗೆಯಿರಿ, ಒಂದು ತೆಗೆದರೆ ಅದು ಆಫ್ ಆಗುವುದಿಲ್ಲ. ಅರ್ಥ್ ವಯರಿನ ಸ್ಕ್ರೂಗೆ ಕೈ ಹಾಕುವುದು ಅವೆರಡೂ ಹೊರಗೆ ಬಂದ ಮೇಲೆ.