ಸೇವಂತಿಗೆ ಎಣಿಸುವುದು ಇರುಳನ್ನು

ಸೇವಂತಿಗೆ ಗಿಡದ ಮೇಲೆ ರಾತ್ರಿಯಿಡೀ ದೀಪದ ಬೆಳಕು ಬೀಳುತ್ತಿದ್ದರೆ ಅದು ಎಲೆ ಬಿಡುತ್ತಲೇ ಇರುತ್ತದೆ, ಮೊಗ್ಗು ಕಟ್ಟುವುದಿಲ್ಲ. ಗೊಬ್ಬರ ಸಾಲದೇನೋ ಅಂತ ನಾವು ಇನ್ನೊಂದು ಹಿಡಿ ಹಾಕುತ್ತೇವೆ. ಅದಕ್ಕೆ ಬೇಕಿರುವುದು ಕತ್ತಲೆ.

ಈ ಗುಟ್ಟು ಮೊದಲು ಹೊರಬಿದ್ದದ್ದು ತಂಬಾಕಿನಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಅವರ ಬಳಿ ಒಂದು ವಿಚಿತ್ರ ತಳಿ ಇತ್ತು. ಬೇಸಿಗೆಯಲ್ಲಿ ಆಳೆತ್ತರ ದಾಟಿದರೂ ಹೂವಿಲ್ಲ. ಚಳಿಗಾಲದಲ್ಲಿ ಹಸಿರುಮನೆಯೊಳಗೆ ಇಟ್ಟರೆ ಗಿಡ್ಡಗಿರುವಾಗಲೇ ಹೂ. ಅವರು ಏನೇನೋ ಬದಲಿಸಿ ನೋಡಿದರು. ಕೊನೆಗೆ ಬೇಸಿಗೆಯಲ್ಲೇ ಕುಂಡಗಳನ್ನು ದಿನಾ ಹೊತ್ತು ಮುಳುಗುವ ಮೊದಲೇ ಕತ್ತಲ ಗೂಡಿಗೆ ಸೇರಿಸಿದರು. ಹೂ ಬಂದೇ ಬಂತು! 1920ರಲ್ಲಿ ಇದನ್ನು ಪ್ರಕಟಿಸಿದಾಗ ಅವರು ಲೆಕ್ಕ ಹಿಡಿದದ್ದು ಹಗಲಿನ ಉದ್ದವನ್ನು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬ ಸಸ್ಯವಿಜ್ಞಾನಿಗಳು ಬೇರೊಂದು ಗಿಡದ ಮೇಲೆ ಪರೀಕ್ಷಿಸಿ ಅದನ್ನು ತಿದ್ದಿದರು. ಹಗಲಿನ ನಡುವೆ ಕತ್ತಲು ಮಾಡಿದರೆ ಗಿಡಕ್ಕೆ ಏನೂ ಆಗಲಿಲ್ಲ. ಇರುಳಿನ ನಡುವೆ ಸ್ವಲ್ಪ ಹೊತ್ತು ದೀಪ ಹಚ್ಚಿದರೆ ಹೂವೇ ನಿಂತುಹೋಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಬಣ್ಣದ ವಸ್ತು ಕೆಂಪು ಬೆಳಕು ತಾಗಿದೊಡನೆ ರೂಪ ಬದಲಿಸುತ್ತದೆ, ಗಿಡ ಆಗ ಇರುಳಿನ ಲೆಕ್ಕ ತಪ್ಪುತ್ತದೆ.

ಹೂ ಬೆಳೆಗಾರರ ಪಾಲಿಗೆ ಇದು ಸಣ್ಣ ವಿಷಯ ಅಲ್ಲ. ಚಳಿಗಾಲದ ಉದ್ದ ಇರುಳಿನಲ್ಲಿ ಸೇವಂತಿಗೆ ಗಿಡ್ಡಗಿರುವಾಗಲೇ ಮೊಗ್ಗು ಕಟ್ಟಿಬಿಡುತ್ತದೆ. ದಂಟು ಉದ್ದವಾಗಲಿ ಅಂತ ಅವರು ನಡುರಾತ್ರಿ ಕೆಲವು ಗಂಟೆ ದೀಪ ಹಾಕುತ್ತಾರೆ. ಸಾಕೆನಿಸಿದ ದಿನ ಆರಿಸುತ್ತಾರೆ. ಹೆಚ್ಚಿನ ತಳಿಗಳು ಅಲ್ಲಿಂದ 8–10 ವಾರಕ್ಕೆ ಕೊಯ್ಲಿಗೆ ಬರುತ್ತವೆ.

ಟುಲಿಪ್‌ದು ಬೇರೆಯೇ ಹಟ. ಅದರ ಗಡ್ಡೆಗೆ 12ರಿಂದ 16 ವಾರ, ಸುಮಾರು 5ರಿಂದ 9 ಡಿಗ್ರಿ ಸೆಲ್ಸಿಯಸ್ ಚಳಿ ತಾಗಬೇಕು. ಮೊಗ್ಗು ಮೊದಲೇ ಗಡ್ಡೆಯೊಳಗೆ ಸಿದ್ಧವಾಗಿರುತ್ತದೆ, ಆದರೆ ಚಳಿ ಸಾಲದಿದ್ದರೆ ದಂಟು ಏಳುವುದಿಲ್ಲ. ಆದ್ದರಿಂದ ಗಡ್ಡೆಗಳನ್ನು ಮೊದಲೇ ತಣ್ಣನೆ ಕೋಣೆಯಲ್ಲಿಟ್ಟು, ಆಮೇಲೆ ಸ್ವಲ್ಪ ಬೆಚ್ಚಗಿನ ಜಾಗಕ್ಕೆ ತಂದು ಅರಳಿಸುತ್ತಾರೆ. ಸ್ನ್ಯಾಪ್‌ಡ್ರ್ಯಾಗನ್, ಸ್ವೀಟ್ ಪೀ ಮುಂತಾದ ಹೂಗಿಡಗಳು ಚಳಿ ಸಹಿಸುತ್ತವೆ. ಆದರೆ ಹಗಲು 10 ಗಂಟೆಗಿಂತ ಕಡಿಮೆಯಾದರೆ ಬೆಳವಣಿಗೆ ಹೆಚ್ಚುಕಡಿಮೆ ನಿಂತಂತೆಯೇ. ಬೇರು ಅಷ್ಟರೊಳಗೆ ಹಿಡಿದಿರಬೇಕು.

ಇನ್ನು ಗುಲಾಬಿ. ಅದು ಇರುಳನ್ನೂ ಎಣಿಸುವುದಿಲ್ಲ, ಚಳಿಯನ್ನೂ ಕೇಳುವುದಿಲ್ಲ. ಬೇಕಿರುವುದು ಬೆಳಕು ಮತ್ತು ಶಾಖ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಇವೆರಡನ್ನೂ ದುಡ್ಡು ಕೊಟ್ಟು ತರಬೇಕು. ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯ 2007ರಲ್ಲಿ ಲೆಕ್ಕ ಹಾಕಿದಂತೆ, 12,000 ಗುಲಾಬಿಯನ್ನು ಕೀನ್ಯಾದಲ್ಲಿ ಬೆಳೆದು ವಿಮಾನದಲ್ಲಿ ಬ್ರಿಟನ್ನಿಗೆ ತರಿಸಿದರೆ ಸುಮಾರು 6 ಟನ್ ಇಂಗಾಲದ ಡೈಆಕ್ಸೈಡ್. ಪಕ್ಕದ ನೆದರ್‌ಲ್ಯಾಂಡ್ಸಿನ ಬಿಸಿ ಮಾಡಿದ ಹಸಿರುಮನೆಯಲ್ಲಿ ಬೆಳೆದರೆ ಸುಮಾರು 35 ಟನ್. ವಿಮಾನಕ್ಕಿಂತ ಬಾಯ್ಲರ್ ಜಾಸ್ತಿ ಉಗುಳಿತು! ಹಾಗಂತ ವಿಮಾನಕ್ಕೆ ಜೈ ಅನ್ನುತ್ತಿಲ್ಲ. ಹತ್ತಿರದ್ದು ಅಂದಮಾತ್ರಕ್ಕೆ ಹಗುರ ಅಂದುಕೊಳ್ಳಬೇಡಿ, ಅಷ್ಟೇ. ಚಳಿಗಾಲದಲ್ಲಿ ಹೂ ಕೊಳ್ಳುವಾಗ ‘ಎಲ್ಲಿ ಬೆಳೆದದ್ದು?’ ಅಂತ ಕೇಳಿದ ಮೇಲೆ ‘ಬಿಸಿ ಮಾಡಿದ್ದೀರಾ?’ ಅಂತಲೂ ಕೇಳಬೇಕು. ಬೇಸಿಗೆಯಲ್ಲೇ ಒಣಗಿಸಿಟ್ಟ ಹೂ, ಬೀಜದ ಕಾಯಿ, ಮೊಗ್ಗಿರುವ ಕಡ್ಡಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಕೆಲವು ಮರಗಳ ಬೋಳು ಕಡ್ಡಿಗೆ ಸಾಕಷ್ಟು ಚಳಿ ತಾಗಿದ್ದರೆ, ಮನೆಯೊಳಗೆ ನೀರಿನಲ್ಲಿಟ್ಟು ಕೆಲವು ವಾರ ಕಾದರೆ ಸುಮ್ನೆ ಅರಳುತ್ತದೆ.

ಮನೆಗೆ ತಂದ ಹೂವಿನ ದಂಟನ್ನು ಹೊಸದಾಗಿ ಕತ್ತರಿಸಿ, ಹೂದಾನಿಯನ್ನು ಹಣ್ಣಿನ ಬುಟ್ಟಿಯಿಂದ ದೂರ ಇಡಿ. ಹಣ್ಣಾಗುವ ಬಾಳೆ, ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್‌ನಂಥ ಹೂ ಬೇಗ ಬಾಡುತ್ತದೆ. ಟುಲಿಪ್ ತಂದಿದ್ದರೆ ಬೆಳಿಗ್ಗೆ ಎದ್ದು ನೋಡಿ. ಕತ್ತರಿಸಿದ ಮೇಲೂ ಅದರ ದಂಟು ಬೆಳೆಯುತ್ತಿರುತ್ತದೆ. ನೆಟ್ಟಗೆ ಜೋಡಿಸಿಟ್ಟದ್ದು ಅಷ್ಟರಲ್ಲಿ ಕಿಟಕಿಯ ಕಡೆ ಬಾಗಿರುತ್ತದೆ.