ಇ.ಟಿ.ಯ ಬಂದೂಕು ಮಾಯವಾಗಿದ್ದು, ಮತ್ತೆ ಬಂದಿದ್ದು

ಭೂಮಿಯಲ್ಲಿ ಸಿಕ್ಕಿಬಿದ್ದ ಅನ್ಯಗ್ರಹದ ಜೀವಿ ಇ.ಟಿ.ಯನ್ನು ಮಕ್ಕಳು ಕಾಪಾಡುವ ಕತೆ ‘ಇ.ಟಿ.’ ಸಿನಿಮಾ. ಅದರ ಕೊನೆಯ ಸೈಕಲ್ ಚೇಸ್‌ನಲ್ಲಿ ಹುಡುಗರನ್ನು ಅಡ್ಡಗಟ್ಟುವ ಸರ್ಕಾರಿ ಜನರ ಕೈಯಲ್ಲಿ ಏನಿರುತ್ತದೆ? ನೀವು ಯಾವ ಆವೃತ್ತಿ ನೋಡಿದ್ದೀರಿ ಅನ್ನುವುದರ ಮೇಲಿದೆ ಉತ್ತರ. 1982ರ ಮೂಲದಲ್ಲಿ ಬಂದೂಕು, 2002ರದ್ದರಲ್ಲಿ ವಾಕಿಟಾಕಿ.

ಬಂದೂಕಿನ ತಕರಾರು ಸಿನಿಮಾ ಬಿಡುಗಡೆಯಾದಾಗಲೇ ಶುರುವಾಗಿತ್ತು. ಮಕ್ಕಳ ಎದುರು ಬಂದೂಕು ಯಾಕೆ, ಕತೆಯ ಮುಖ್ಯ ಹುಡುಗ ಎಲಿಯಟ್ ಬಾಯಲ್ಲಿ ಕೆಟ್ಟ ಬೈಗುಳ ಯಾಕೆ ಅಂತ ಕೆಲವು ಪೋಷಕರ ಸಂಘಟನೆಗಳು ಕೇಳಿದ್ದವು. ಆ ಮಾತು ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ತಲೆಯಲ್ಲಿ ಉಳಿದುಬಿಟ್ಟಿತ್ತು. ಆದರೆ ಆಗ ಚಿತ್ರೀಕರಿಸಿದ್ದನ್ನು ತಿದ್ದುವ ದಾರಿ ಇರಲಿಲ್ಲ.

ದಾರಿ ತೆರೆದಿದ್ದು ಕಂಪ್ಯೂಟರ್ ಗ್ರಾಫಿಕ್ಸ್. 1997ರಲ್ಲಿ ಜಾರ್ಜ್ ಲೂಕಸ್ ತಮ್ಮ ‘ಸ್ಟಾರ್ ವಾರ್ಸ್’ ಚಿತ್ರಗಳನ್ನು ತಿದ್ದಿ ಮತ್ತೆ ಥಿಯೇಟರಿಗೆ ತಂದರು. ತಮಾಷೆ ನೋಡಿ, ಹಳೆಯ ಸಿನಿಮಾಗಳನ್ನು ಬದಲಿಸಬಾರದು ಅಂತ 1988ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ವಾದಿಸಿದವರಲ್ಲಿ ಲೂಕಸ್, ಸ್ಪೀಲ್‌ಬರ್ಗ್ ಇಬ್ಬರೂ ಇದ್ದರು. ಬೇರೆಯವರು ಕೈ ಹಾಕಬಾರದು, ತಾವು ಹಾಕಿದರೆ ಪರವಾಗಿಲ್ಲ ಅನ್ನಿಸಿರಬೇಕು!

ಇಪ್ಪತ್ತನೇ ವರ್ಷಕ್ಕೆ, 2002ರ ಮಾರ್ಚ್‌ನಲ್ಲಿ, ಹೊಸ ‘ಇ.ಟಿ.’ ಬಂತು. ಸುಮಾರು ಐದು ನಿಮಿಷ ಜಾಸ್ತಿ. 1982ರಲ್ಲಿ ಬೊಂಬೆಯಿಂದ ಸರಿಯಾಗಿ ಬಾರದೆ ಕೈಬಿಟ್ಟಿದ್ದ ಸ್ನಾನದ ತೊಟ್ಟಿಯ ದೃಶ್ಯಕ್ಕೆ ಗ್ರಾಫಿಕ್ಸ್‌ನ ಇ.ಟಿ. ಬಂದು ಕೂತಿತು. ಮಕ್ಕಳು ವೇಷ ಹಾಕಿ ತಿರುಗುವ ಹ್ಯಾಲೋವೀನ್ ಹಬ್ಬದ ರಾತ್ರಿ ಎಲಿಯಟ್‌ನ ತಾಯಿ ಮಕ್ಕಳನ್ನು ಹುಡುಕುವ ತುಣುಕು ಸೇರಿತು. ದೊಡ್ಡ ಮಗನ ವೇಷ ನೋಡಿ ತಾಯಿ ‘ಟೆರರಿಸ್ಟ್’ ಅನ್ನುತ್ತಿದ್ದ ಕಡೆ ‘ಹಿಪ್ಪಿ’ ಬಂತು. ಅಮೆರಿಕದ ಮೇಲಿನ 2001ರ ದಾಳಿ ಇನ್ನೂ ಹಸಿಯಾಗಿದ್ದ ಕಾಲ ಅದು.

ಇವೆಲ್ಲ ಹೋಗಲಿ, ಸಹಿಸಿಕೊಳ್ಳಬಹುದು. ಇ.ಟಿ.ಯ ಮುಖ ತಿದ್ದಿದ್ದು ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಕಾರ್ಲೋ ರಾಂಬಾಲ್ಡಿ ಮಾಡಿದ ಬೊಂಬೆಯ ಮುಖ ಹೆಚ್ಚು ಅಲ್ಲಾಡುತ್ತಿರಲಿಲ್ಲ. ಹಾಗಾಗಿಯೇ ಅದರ ಮನಸ್ಸಿನಲ್ಲಿ ಏನಿದೆ ಅಂತ ನಾವೇ ಊಹಿಸುತ್ತಿದ್ದೆವು. ಗ್ರಾಫಿಕ್ಸ್ ಮುಖ ಎಲ್ಲವನ್ನೂ ತಾನೇ ಹೇಳಿಬಿಡುತ್ತದೆ.

ಬಂದೂಕಿನದು ಇನ್ನೂ ದೊಡ್ಡ ನಷ್ಟ. ಮೂಲದಲ್ಲಿ ಮಕ್ಕಳು ಹತ್ತಿರ ಬರುತ್ತಿದ್ದಂತೆ ಬಂದೂಕು ತೆರೆ ತುಂಬ ಕಾಣುತ್ತದೆ. ಎಲಿಯಟ್ ಕಣ್ಣು ಮುಚ್ಚುತ್ತಾನೆ. ಮರುಕ್ಷಣ ಇ.ಟಿ.ಯ ಶಕ್ತಿಯಿಂದ ಸೈಕಲ್‌ಗಳು ಗಾಳಿಗೇರುತ್ತವೆ. ಆ ಹಾರಾಟಕ್ಕೆ ಬಲ ಕೊಡುವುದು ಅದರ ಹಿಂದಿನ ಭಯ. ವಾಕಿಟಾಕಿ ಹಿಡಿದು ನಿಂತವರನ್ನು ನೋಡಿ ಯಾರಾದರೂ ಆಕಾಶಕ್ಕೆ ಹಾರುತ್ತಾರಾ?

ಸ್ಪೀಲ್‌ಬರ್ಗ್ ಈ ಪಾಠವನ್ನು ಮೊದಲೇ ಒಮ್ಮೆ ಕಲಿತಿದ್ದರು. 1977ರ ‘ಕ್ಲೋಸ್ ಎನ್‌ಕೌಂಟರ್ಸ್’ ಚಿತ್ರವನ್ನು ತಿದ್ದಬೇಕು ಅಂದಾಗ ಕೊಲಂಬಿಯಾ ಸ್ಟುಡಿಯೋ ಒಂದು ಷರತ್ತು ಹಾಕಿತು: ಅನ್ಯಗ್ರಹದ ಹಡಗಿನ ಒಳಗನ್ನು ತೋರಿಸಬೇಕು. 1980ರ ಆವೃತ್ತಿಯಲ್ಲಿ ತೋರಿಸಿದರು, ಆಮೇಲೆ ಪಶ್ಚಾತ್ತಾಪಪಟ್ಟರು, 1998ರಲ್ಲಿ ಆ ಭಾಗ ಕಿತ್ತುಹಾಕಿದರು. ನಾಲ್ಕೇ ವರ್ಷದಲ್ಲಿ ‘ಇ.ಟಿ.’ಗೆ ಕೈ ಹಾಕಿದರು. ಆ ಹೊತ್ತಿಗೆ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿ ಎಂಟು ವರ್ಷವಾಗಿತ್ತು.

2011ರಲ್ಲಿ ಲಾಸ್ ಏಂಜಲೀಸ್‌ನ ಒಂದು ಪ್ರದರ್ಶನದಲ್ಲಿ ಅವರು ಬಂದೂಕು ತೆಗೆದದ್ದರ ಬಗ್ಗೆ ತಮಗೇ ಬೇಸರವಿದೆ ಅಂದರು. ಬ್ಲೂ-ರೇ ಡಿಸ್ಕ್‌ನಲ್ಲಿ 1982ರದ್ದು ಮಾತ್ರ ತಂದರೆ ಯಾರದ್ದಾದರೂ ಆಕ್ಷೇಪ ಇದೆಯಾ ಅಂತ ಸಭಿಕರನ್ನೇ ಕೇಳಿದರು. ‘ಇಲ್ಲ’ ಅಂತ ಸಭಾಂಗಣ ಕೂಗಿತು. 2012ರ ಬ್ಲೂ-ರೇಯಲ್ಲಿ ಬಂದೂಕು ವಾಪಸ್ ಬಂತು. ಸಿನಿಮಾವನ್ನು ಇವತ್ತಿನ ಕಣ್ಣಿಗೆ ತಕ್ಕಂತೆ ತಿದ್ದಬಾರದು ಅಂತ ಅವರು 2023ರಲ್ಲಿ ಮತ್ತೆ ಹೇಳಿದರು.

ತಿದ್ದಿದ್ದನ್ನೂ ನೋಡಬೇಕು ಅನ್ನುವವರು 2002ರ ಎರಡು ಡಿಸ್ಕ್‌ಗಳ ಡಿವಿಡಿ ಹುಡುಕಬಹುದು. ಅದರಲ್ಲಿ ಎರಡೂ ಆವೃತ್ತಿಗಳಿವೆ.