ಕಾರ್ಡಿನ ಬೆನ್ನನ್ನೂ ತೋರಿಸಿ

ಸ್ಕ್ಯಾನರ್ ಗಾಜಿನ ಮೇಲೆ ಇಟ್ಟರೆ ಚಿನ್ನ ಮಣ್ಣಾಗುತ್ತದೆ. ಹಳೇ ಗ್ರೀಟಿಂಗ್ ಕಾರ್ಡುಗಳ ಚಿತ್ರ ತೆಗೆದು ಅಂತರ್ಜಾಲದಲ್ಲಿ ಇಡುವ ಕೆಲಸಕ್ಕೆ ಕೈ ಹಾಕಿದ ಮೊದಲ ವಾರ ನಾನು ಕಲಿತ ಪಾಠ ಇದು. ಕೈಯಲ್ಲಿ ಹಿಡಿದಾಗ ಮಿನುಗುವ ಹೊಂಬಣ್ಣದ ಅಂಚು ಪರದೆ ಮೇಲೆ ಕೆಸರಿನ ಗೆರೆಯಂತೆ ಕಂಡಿತು. ತಪ್ಪು ಸ್ಕ್ಯಾನರಿನದ್ದಲ್ಲ. ಅದರ ದೀಪ ಓರೆಯಾಗಿ ಬೀಳುತ್ತದೆ, ಹೊಳಪು ಸೆನ್ಸರ್ ಇಲ್ಲದ ಕಡೆಗೆ ಚಿಮ್ಮಿ ಹೋಗುತ್ತದೆ.

ಅಂಥ ಕಾರ್ಡುಗಳನ್ನು ಈಗ ಸ್ಟ್ಯಾಂಡಿಗೆ ಕಟ್ಟಿದ ಕ್ಯಾಮೆರಾದಲ್ಲಿ ತೆಗೆಯುತ್ತೇವೆ. ಮೊದಲು ಎರಡೂ ಕಡೆಯಿಂದ ಸಮನಾದ ಬೆಳಕು ಬಿಟ್ಟು ಒಂದು ಚಿತ್ರ, ಅದು ಬಣ್ಣಕ್ಕೆ. ಆಮೇಲೆ ಒಂದೇ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಇನ್ನೊಂದು. ಆಗ ಉಬ್ಬಚ್ಚಿನ ಹೂವಿನ ಒಂದೊಂದು ಎಸಳೂ ನೆರಳು ಚೆಲ್ಲಿ ಮೇಲೇಳುತ್ತದೆ. ಚಿನ್ನಕ್ಕೆ ಮಾತ್ರ ಸೂತ್ರ ಇಲ್ಲ. ಬಿಳಿ ರಟ್ಟೊಂದನ್ನು ಹಿಡಿದು, ಚಿನ್ನ ಹೊಳೆಯುವ ಕೋನ ಸಿಗುವವರೆಗೆ ಅತ್ತಿತ್ತ ತಿರುಗಿಸುತ್ತಿರಬೇಕು. ಲೇಸಿನಂತೆ ಕತ್ತರಿಸಿದ ಕಾಗದದ ಕೆಳಗೆ ಕಪ್ಪು ಹಾಳೆ ಇಡಿ, ಇಲ್ಲದಿದ್ದರೆ ಬಿಳಿಯಲ್ಲಿ ಬಿಳಿ ಕರಗುತ್ತದೆ. ಎಳೆದರೆ ಎದ್ದು ನಿಲ್ಲುವ ಕಾರ್ಡಿನ ಮೇಲೆ ಸ್ಕ್ಯಾನರ್ ಮುಚ್ಚಳ ಒತ್ತಲೇಬೇಡಿ. ಅದಕ್ಕೆ ಹತ್ತು ಸೆಕೆಂಡಿನ ವಿಡಿಯೋ ಸಾಕು.

ಇಷ್ಟೆಲ್ಲ ಮಾಡಿದರೂ ಅರ್ಧ ಕೆಲಸವಷ್ಟೇ ಆಗಿರುತ್ತದೆ. ಯಾಕೆಂದರೆ ಇದೆಲ್ಲ ಮುಂಭಾಗದ ಮಾತು.

ಬ್ರಿಟನ್‌ನಲ್ಲಿ 1840ರಲ್ಲಿ ಒಂದು ಪೆನ್ನಿಗೆ ದೇಶದೊಳಗೆ ಎಲ್ಲಿಗಾದರೂ ಪತ್ರ ಕಳಿಸುವ ಅಂಚೆ ಬಂತು. 1843ರಲ್ಲಿ ಹೆನ್ರಿ ಕೋಲ್ ಎಂಬಾತ ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿಯಿಂದ ಒಂದು ಕ್ರಿಸ್ಮಸ್ ಕಾರ್ಡು ಬರೆಸಿ, ಸುಮಾರು ಒಂದು ಸಾವಿರ ಪ್ರತಿ ಅಚ್ಚು ಹಾಕಿಸಿದ. ಬೆಲೆ ಒಂದು ಶಿಲ್ಲಿಂಗ್. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡ್ ಎಂದು ಇದನ್ನೇ ಹೇಳುತ್ತಾರೆ. ಚಿತ್ರದಲ್ಲಿ ಮಗುವೊಂದು ವೈನ್ ಕುಡಿಯುತ್ತಿದೆ ಎಂದು ಆಗಿನ ಪಾನವಿರೋಧಿಗಳು ಗಲಾಟೆ ಮಾಡಿದ್ದು ಎಲ್ಲರಿಗೂ ನೆನಪಿದೆ. ನನ್ನ ಕಣ್ಣು ಮಾತ್ರ ಅದರಲ್ಲಿ ಬಿಟ್ಟಿರುವ ಎರಡು ಖಾಲಿ ಜಾಗಗಳ ಮೇಲೆ ಹೋಗುತ್ತದೆ. ಒಂದು ಯಾರಿಗೆ, ಇನ್ನೊಂದು ಯಾರಿಂದ. ಅವು ತುಂಬುವವರೆಗೆ ಅದು ಅಚ್ಚಿನ ಕಾಗದ ಅಷ್ಟೇ, ಅಲ್ವಾ?

ಹಾಗಾಗಿ ನಮ್ಮಲ್ಲಿ ನಿಯಮ ಒಂದೇ: ಮುಂದೆ, ಒಳಗೆ, ಹಿಂದೆ, ಇದ್ದರೆ ಲಕೋಟೆ, ಎಲ್ಲವೂ. ಹಿಂಬದಿ ಖಾಲಿಯಿದ್ದರೂ ತೆಗೆಯಬೇಕು. ಖಾಲಿ ಅಂದುಕೊಂಡ ಕಡೆ ಪೆನ್ಸಿಲಿನಲ್ಲಿ ಬರೆದ ಬೆಲೆ, ಆಲ್ಬಮಿನಿಂದ ಕಿತ್ತ ಗೋಂದಿನ ಕಲೆ, ಮುದ್ರಕರ ಸಣ್ಣ ಗುರುತು ಸಿಗುತ್ತವೆ. ಬ್ರಿಟಿಷ್ ಕಾರ್ಡಿನಲ್ಲಿ ವಿನ್ಯಾಸದ ನೋಂದಣಿ ಸಂಖ್ಯೆ ಇದ್ದರಂತೂ ಹಬ್ಬ. 1884ರಿಂದ ಆ ಸಂಖ್ಯೆಗಳು ಒಂದರಿಂದ ಶುರುವಾಗಿ ಸಾಲಾಗಿ ಬಂದಿವೆ. ಪಟ್ಟಿ ನೋಡಿದರೆ ಆ ವಿನ್ಯಾಸ ಯಾವ ವರ್ಷ ನೋಂದಣಿಯಾಯಿತು ಎಂದು ತಿಳಿಯುತ್ತದೆ.

ಜಾಗ ಜಾಸ್ತಿ ಬೇಕಾಗುತ್ತದೆ, ನಿಜ. ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಕಾರ್ಡನ್ನು ಇಂಚಿಗೆ 600 ಚುಕ್ಕಿಯಲ್ಲಿ ಟಿಫ್, ಅಂದರೆ ಕುಗ್ಗಿಸದ ಚಿತ್ರದ ಫೈಲು, ಮಾಡಿದರೆ ಒಂದು ಬದಿಗೆ ಸುಮಾರು 26 ಎಂಬಿ. ಮಡಿಸಿದ ಕಾರ್ಡಿನ ನಾಲ್ಕು ಬದಿ ಸೇರಿದರೆ 100 ಎಂಬಿ ದಾಟುತ್ತದೆ. ಮೂರು ಸಾವಿರ ಕಾರ್ಡಿಗೆ 300 ಜಿಬಿಗಿಂತ ಹೆಚ್ಚು. ಮೂರು ಪ್ರತಿ ಇಡಿ, ಒಂದು ಬೇರೆ ಕಟ್ಟಡದಲ್ಲಿರಲಿ. ಡಿಸ್ಕ್ ಇವತ್ತು ದುಬಾರಿಯಲ್ಲ. ಅದೇ ಡಬ್ಬಿಗಳನ್ನು ಇನ್ನೊಮ್ಮೆ ಬಿಚ್ಚಿ ಮತ್ತೆ ಶುರು ಮಾಡುವುದು ದುಬಾರಿ.

ಕಾರ್ಡುಗಳನ್ನು ಅಂಟಿಸಿದ ಆಲ್ಬಮ್ ಬಂದರೆ ಕಿತ್ತು ಬಿಡಿಸೋಣ ಅಂತ ಯಾರಿಗಾದರೂ ಆಸೆ ಆಗುತ್ತದೆ. ಬೇಡ. ಮೊದಲು ಪೂರ್ತಿ ಪುಟ, ಆಮೇಲೆ ಒಂದೊಂದು ಕಾರ್ಡು. ಯಾವುದರ ಪಕ್ಕ ಯಾವುದನ್ನು ಅಂಟಿಸಿದರು ಅನ್ನುವುದೂ ದಾಖಲೆಯೇ.

ನಿಜವಾಗಿ ಸಮಯ ತಿನ್ನುವುದು ವಿವರಣೆ ಬರೆಯುವ ಕೆಲಸ. ಒಂದು ಚಿತ್ರಕ್ಕೆ ಎರಡು ನಿಮಿಷ, ಅದರ ವಿವರಕ್ಕೆ ಇಪ್ಪತ್ತು. ಸುಮ್ನೆ ‘ಹಕ್ಕಿ’ ಅಂತ ಬರೆದು ಮುಗಿಸಿದರೆ ಯಾರ ಹುಡುಕಾಟಕ್ಕೂ ಅದು ಸಿಗುವುದಿಲ್ಲ. ವಿಕ್ಟೋರಿಯಾ ಕಾಲದ ಕ್ರಿಸ್ಮಸ್ ಕಾರ್ಡುಗಳಲ್ಲಿ ಎದೆ ಕೆಂಪಗಿರುವ ರಾಬಿನ್ ಹಕ್ಕಿಗೆ ಲೆಕ್ಕವಿಲ್ಲ. ಆಗ ಅಂಚೆಯವರು ಕೆಂಪು ಕೋಟು ಹಾಕುತ್ತಿದ್ದರು, ಅವರನ್ನೂ ಜನ ರಾಬಿನ್ ಅಂತಲೇ ಕರೆಯುತ್ತಿದ್ದರು. ಕೆಲವು ಕಾರ್ಡಿನಲ್ಲಿ ಆ ಹಕ್ಕಿ ಸತ್ತು ಬಿದ್ದಿರುತ್ತದೆ, ಕೆಳಗೆ ಹಬ್ಬದ ಶುಭಾಶಯ! ಇಂಥದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು. ಜನಾಂಗವನ್ನು ಗೇಲಿ ಮಾಡುವ ಚಿತ್ರಗಳೂ ಬರುತ್ತವೆ. ಅವನ್ನು ಬಚ್ಚಿಡುವುದು ಸುಳ್ಳು, ಮುಖಪುಟದಲ್ಲಿ ಮೆರೆಸುವುದು ಒರಟುತನ. ಒಂದು ಎಚ್ಚರಿಕೆಯ ಸಾಲಿನ ಹಿಂದೆ ಇಡುತ್ತೇವೆ. ತಾರೀಕು ಊಹೆಯಾಗಿದ್ದರೆ ‘1880ರ ಸುಮಾರು’ ಎಂದು ಬರೆದು, ಯಾಕೆ ಹಾಗನ್ನಿಸಿತು ಎಂಬುದನ್ನೂ ಸೇರಿಸುತ್ತೇವೆ.

ಕೃತಿಸ್ವಾಮ್ಯದ, ಅಂದರೆ ಕಾಪಿರೈಟ್ ಹಕ್ಕಿನ ವಿಷಯದಲ್ಲಿ ಬಹಳ ಜನ ಎಡವುವುದು ಕೈಬರಹದಲ್ಲಿ. ಚಿತ್ರದ ಹಕ್ಕು ಯಾವಾಗಲೋ ಮುಗಿದಿರಬಹುದು, ಒಳಗೆ ಬರೆದ ನಾಲ್ಕು ಸಾಲಿನ ಹಕ್ಕು ಬರೆದವರದ್ದು. ಬ್ರಿಟನ್ ಕಾನೂನಿನಲ್ಲಿ, ಪ್ರಕಟವಾಗದ ಹಳೇ ಪತ್ರಗಳ ಹಕ್ಕು ಎಷ್ಟೋ ಸಲ 2039ರ ಕೊನೆಯವರೆಗೂ ಉಳಿಯುತ್ತದೆ, ಬರೆದವರು ಸತ್ತು ನೂರು ವರ್ಷ ಆಗಿದ್ದರೂ. ಕಾರ್ಡು ಯಾವ ದೇಶದ್ದು, ಪ್ರಕಟಿಸುವುದು ಎಲ್ಲಿಂದ ಎಂದು ನೋಡಿ ನಿರ್ಧರಿಸಿ. ಹೆಸರು, ವಿಳಾಸ ಈಗ ಬದುಕಿರುವವರದ್ದು ಇರಬಹುದು ಅನ್ನಿಸಿದರೆ ಮುಚ್ಚಿಡಿ. ಹಕ್ಕು ಮುಗಿದ ಚಿತ್ರದ ಮೇಲೆ ಮಾತ್ರ ನಿಮ್ಮ ಸಂಸ್ಥೆಯ ಹೆಸರನ್ನು ಅಡ್ಡಡ್ಡ ಬರೆಯಬೇಡಿ. ದೊಡ್ಡ ಫೈಲನ್ನೇ ಇಳಿಸಿಕೊಳ್ಳಲು ಬಿಡಿ.

ಕಾರ್ಡುಗಳನ್ನು ಪ್ರಕಟಿಸುತ್ತಿದ್ದ ರಫೆಲ್ ಟಕ್ ಕಂಪನಿಯ ಲಂಡನ್ ಕಟ್ಟಡ 1940ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು, ಅಲ್ಲಿದ್ದ ಮೂಲಚಿತ್ರಗಳೂ ಹೋದವು. ಇವತ್ತು ಅವರ ಕಾರ್ಡುಗಳು ನಮಗೆ ಸಿಗುತ್ತಿರುವುದು ಯಾರೋ ಡ್ರಾಯರಿನಲ್ಲಿ ಎತ್ತಿಟ್ಟದ್ದರಿಂದ. ಹಾಗಿದ್ದ ಮೇಲೆ ನೋಡುವವರಿಗೂ ಮಾತಾಡುವ ದಾರಿ ಬೇಕು. ಪ್ರತಿ ಕಾರ್ಡಿನ ಕೆಳಗೆ ‘ನಿಮಗೆ ಇನ್ನೇನಾದರೂ ಗೊತ್ತಾ?’ ಅಂತ ಒಂದು ಬಟನ್ ಇಟ್ಟಿದ್ದೇವೆ. ಬರುವುದರಲ್ಲಿ ಹೆಚ್ಚಿನದ್ದು ಬರೀ ಹೊಗಳಿಕೆ. ಆದರೆ ಒಬ್ಬ ಓದುಗರು ಎರಡು ಕಾರ್ಡುಗಳ ಹಿಂಬದಿಯನ್ನು ಪಕ್ಕಪಕ್ಕ ಇಟ್ಟು ಕಳಿಸಿದರು. ಅದೇ ಕೈಬರಹ, ಅದೇ ಅಡ್ಡಗೆರೆ, ಸಹಿಯ ಕೆಳಗೆ ಅದೇ ಸುರುಳಿ. ನಾವು ಅವನ್ನು ಬೇರೆ ಬೇರೆ ಡಬ್ಬಿಯಲ್ಲಿ, ಬೇರೆ ಬೇರೆ ದಶಕದಲ್ಲಿ ಇಟ್ಟಿದ್ದೆವು.